ಸುರಂಗದೊಳಗೆ ಕೇಳದೇ ಹೋದ ಹೆಜ್ಜೆಗಳು

ಕ್ರಿಸ್ತಶಕ ಎರಡು ಸಾವಿರದ ಮುನ್ನೂರ ಒಂಬತ್ತು, ಹದಿಮೂರನೆಯ ತಿಂಗಳು
ಅಗಸ್ತ್ಯಕೂಟದ ಬುಡದಿಂದ

ಮುನ್ನೂರು ವರ್ಷಗಳ ಹಿಂದೆ ಕೈಗಡಿಯಾರ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದ ಹಿರಿಯರಿಗೆ ಸುಳ್ಯದ ವಾರಿಜಾ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಕಂಡು ಗಾಬರಿಯಾಗಬೇಡಿ. ಮಳೆಗಾಲ ಎರಡಾಗಿ ಒಡೆದ ಮೇಲೆ ನಮ್ಮ ಪಂಚಾಂಗದವರು ನಡುವೆ ಒಂದು ಒಣ ತಿಂಗಳನ್ನು ಸೇರಿಸಿ ಅದನ್ನೇ ಹದಿಮೂರನೆಯದು ಎನ್ನುತ್ತಾರೆ. ಇಲ್ಲಿನ ಕೆಲವು ಮಾತುಗಳು ನಿಮ್ಮ ಕಿವಿಗೆ ಹೊಸದಾಗಿ ಕೇಳಿದರೆ ಮನ್ನಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ. ಹೊಟ್ಟೆಕಿಚ್ಚು ಎಂಬ ಪದಕ್ಕೆ ಮಾತ್ರ ಅರ್ಥ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಈಗ ಸಹ್ಯಾದ್ರಿಯ ಮೇಲೆ ಯಾವ ಚಕ್ರವೂ ಉರುಳುವಂತಿಲ್ಲ. ತಾಪಿ ನದಿಯಿಂದ ಅಗಸ್ತ್ಯಕೂಟದವರೆಗೆ ಇರುವುದು ಘಟ್ಟದಾರಿ ಒಂದೇ. ಅಲ್ಲಲ್ಲಿ ಬಿದಿರನ್ನು ಬೆಳೆಯುವಾಗಲೇ ಬಗ್ಗಿಸಿ ಹೆಣೆದ ತಂಗುಗೂಡುಗಳಿವೆ. ನಡೆಯುವವರು ಅವುಗಳಲ್ಲಿ ಮಲಗುತ್ತಾರೆ, ಒಣಗಂಜಿಯ ಬಿಲ್ಲೆಯನ್ನು ತೊರೆಯ ನೀರಿನಲ್ಲಿ ನೆನೆಸಿ ತಿನ್ನುತ್ತಾರೆ, ನಸುಕಿನಲ್ಲೇ ಎದ್ದು ಹೊರಡುತ್ತಾರೆ. ವೇಗಕ್ಕಾಗಿ ನಡೆಯುವವರ ಹಿಮ್ಮಡಿಯಲ್ಲಿ ರಾಗಿಕಾಳಿನಷ್ಟು ಸಣ್ಣದೊಂದು ಹೆಜ್ಜೆಮಣಿ ಇರುತ್ತದೆ. ದಾರಿಬದಿಯ ಕಲ್ಲುಗಳು ಅದರ ಸದ್ದನ್ನು ಆಲಿಸಿ, ಇಂಥವರು ಇಲ್ಲಿ ದಾಟಿದರು ಎಂದು ಊರೂರಿಗೆ ತಿಳಿಸುತ್ತವೆ. ಸಂಜೆಯಾದರೆ ಜನ ಕಟ್ಟೆಯ ಮೇಲೆ ಕೂತು, ಇವತ್ತು ಯಾರು ಎಲ್ಲಿಗೆ ಮುಟ್ಟಿದರು ಎಂದು ಕೇಳಿಕೊಳ್ಳುತ್ತಾರೆ. ಬಹಳ ವರ್ಷ ಅವರು ಕೊನೆಗೆ ಹೇಳುತ್ತಿದ್ದ ಹೆಸರು ನನ್ನದು. ಯಾರು ಎಷ್ಟೇ ಚುರುಕಾಗಿ ನಡೆದರೂ, 'ವಾರಿಜಕ್ಕನಷ್ಟು ಅಲ್ಲ' ಎನ್ನುತ್ತಿದ್ದರು. ಆ ಮಾತಿನ ರುಚಿ ಹತ್ತಿದವರಿಗೆ ಬೇರೆ ಊಟ ಸೇರುವುದಿಲ್ಲ.

ಆಮೇಲೆ ಖಾನಾಪುರದ ಕಡೆಯ ಕಸ್ತೂರೆವ್ವ ಬಂದಳು. ವಯಸ್ಸಿನಲ್ಲಿ ನನ್ನ ಅರ್ಧದವಳು. ಅವಳು ನನ್ನ ದಾಖಲೆಗಿಂತ ಒಂದು ಹಗಲು ಬೇಗ ಅಗಸ್ತ್ಯಕೂಟ ಮುಟ್ಟಿದಳೆಂಬ ಸುದ್ದಿ ಬಂದಾಗ ನಾನು ಅಕ್ಕಿ ತೊಳೆಯುತ್ತಿದ್ದೆ. ಅವತ್ತು ಅನ್ನ ಬೇಯಲಿಲ್ಲ. ಒಲೆ ಹಚ್ಚುವುದನ್ನೇ ಮರೆತಿದ್ದೆ. ಸಂಜೆಯ ಹೊತ್ತಿಗೆ ಇನ್ನೊಂದು ಸುದ್ದಿ ಬಂತು: ದೂಧಸಾಗರದಾಚೆಯ ಗುಡ್ಡಸಾಲಿನಲ್ಲಿ ಅವಳ ಹೆಜ್ಜೆಮಣಿ ಯಾವ ಕಲ್ಲಿಗೂ ಕೇಳಿಸಿಲ್ಲ, ಮತ್ತೆ ಕೇಳಿಸುವಷ್ಟರಲ್ಲಿ ಅವಳು ನಂಬಲಾಗದಷ್ಟು ಮುಂದಿದ್ದಳು. ನನಗೆ ತಕ್ಷಣ ಹಸಿವಾಯಿತು.

ತಕರಾರು ಎತ್ತುವ ಹಕ್ಕು ಹಳೆಯ ದಾಖಲೆಯವರಿಗೆ ಇದೆ. ನಾನು ಎತ್ತಿದೆ. ನಡಿಗೆಕೂಟ, ಎಂದರೆ ಇಂಥ ಜಗಳ ತೀರಿಸುವ ಹಿರಿಯರ ಸಭೆ, ಅವಳನ್ನು ಕರೆಸಿತು. ಯಾರೋ ಅವಳನ್ನು ಹಾರುದೋಣಿಯಲ್ಲಿ ಒಯ್ದಿರಬೇಕು ಎಂದು ನಾನು ವಾದಿಸಿದೆ. ನಾನು ಮುಗಿಸಿದ ಮೇಲೆ ಅವಳು ಎದ್ದು ಹೇಳಿದಳು:

"ಎರಡನೇ ಮಳಿ ಆ ವರ್ಷ ಲಗೂನ ಬಂತ್ರಿ. ಗುಡ್ಡದ ಮ್ಯಾಲೆ ನಿಲ್ಲಾಕ ಆಗಲಿಲ್ಲ. ಹಳೇ ರೈಲಿನ ಸುರಂಗ ಐತಲ್ಲ, ಅದರಾಗ ಹೊಕ್ಕು ಆಚೆ ಬಂದೀನಿ. ನಂಬಿಕಿ ಇಲ್ಲಂದ್ರ ಅಕ್ಕಾರ, ನೀವ ನನ್ನ ಕೂಡ ಬರ್ರಿ."

ಆ ಸುರಂಗ ಎಂದೋ ಕುಸಿದಿದೆ ಎಂದೇ ಎಲ್ಲರೂ ತಿಳಿದಿದ್ದರು. ಕೂಟದವರು ನನ್ನನ್ನೇ ಸಾಕ್ಷಿಯಾಗಿ ಕಳಿಸಿದರು.

ದಾರಿಯುದ್ದಕ್ಕೂ ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಅವಳು ಕಾಲಿಡುವ ಜಾಗ ನೋಡುತ್ತಿರಲಿಲ್ಲ. ಪಾದಕ್ಕೇ ಕಣ್ಣಿದ್ದ ಹಾಗೆ ಕಲ್ಲಿನಿಂದ ಕಲ್ಲಿಗೆ ಹೋಗುತ್ತಿದ್ದಳು. ಏರಿನಲ್ಲೂ ಅವಳ ಉಸಿರು ಕೇಳಿಸುತ್ತಿರಲಿಲ್ಲ, ನನ್ನದು ಕೇಳಿಸುತ್ತಿತ್ತು. ಎಲ್ಲಿಯಾದರೂ ಎಡವಲಿ ಎಂದು ಕಾದೆ. ಒಂದು ಕಡೆ ಎಡವಿದ್ದು ನಾನು.

ಸುರಂಗದೊಳಗೆ ಎದೆಮಟ್ಟದ ನೀರು, ಬಾವಲಿಗಳ ವಾಸನೆ. ನಡುವೆ ಚಾವಣಿ ಕುಸಿದು ಬಂಡೆಗಳು ದಾರಿ ಕಟ್ಟಿದ್ದವು. ಇಲ್ಲಿಗೆ ಮುಗಿಯಿತು, ಸಿಕ್ಕಿಬಿದ್ದಳು ಎಂದು ಮನಸ್ಸಿನೊಳಗೇ ಹಿಗ್ಗಿದೆ. ಅವಳು ಬಂಡೆಗಳ ಮೇಲಿನ ಒಂದು ಸಂದಿಗೆ ತಲೆ ತೂರಿಸಿ ಹಾವಿನಂತೆ ಆಚೆ ಜಾರಿದಳು. ಹಿಂದೆಯೇ ತೂರಿದ ನಾನು ಸೊಂಟದ ಹತ್ತಿರ ಸಿಕ್ಕಿಕೊಂಡೆ. ಹಿಂದಕ್ಕೂ ಬರಲಾಗಲಿಲ್ಲ, ಕಾಲಿಗೆ ನೆಲವಿರಲಿಲ್ಲ. ಅವಳು ತಿರುಗಿ ಬಂದು ಎರಡೂ ಕೈ ಹಿಡಿದು ಎಳೆದಳು. ಸೊಂಟದ ಚರ್ಮ ಸುಲಿಯಿತು. ಆಚೆ ಬದಿಯ ಬೆಳಕಿಗೆ ಬಂದಾಗ ನನಗೆ ಬದುಕಿದೆ ಎನ್ನಿಸುವ ಮೊದಲು ಇವಳು ಹೇಳಿದ್ದು ನಿಜ ಎನ್ನಿಸಿತು, ಅದು ಸೊಂಟಕ್ಕಿಂತ ಹೆಚ್ಚು ಉರಿಯಿತು.

ಕೂಟದ ಮುಂದೆ ಕಂಡದ್ದನ್ನೆಲ್ಲ ಹೇಳಿದೆ. ಅವಳು ನಡೆದೇ ಹೋಗಿದ್ದಾಳೆ, ಯಾರ ಸಹಾಯವೂ ಇಲ್ಲ ಎಂದೆ. ಆಮೇಲೆ ಇನ್ನೊಂದು ಮಾತು ಸೇರಿಸಿದೆ: "ಆದರೆ ಘಟ್ಟದಾರಿ ಗುಡ್ಡದ ಮೇಲೆ ಹೋಗ್ತದೆ. ಇವಳು ಗುಡ್ಡದ ಅಡಿಯಲ್ಲಿ ಹೋದದ್ದು. ಹತ್ತದ ಗುಡ್ಡವನ್ನು ನಡೆದದ್ದು ಅಂತ ಹೇಳುವುದು ಹೇಗೆ ಮಾರಾಯರೇ?"

ಮಾತು ಸರಿಯಾಗಿಯೇ ಇತ್ತು. ಅದು ಹೊಳೆದದ್ದು ನ್ಯಾಯದಿಂದಲ್ಲ, ಹೊಟ್ಟೆಕಿಚ್ಚಿನಿಂದ. ಕೂಟ ಎರಡು ಪಾಲಾಗಿ ಸಂಜೆಯವರೆಗೆ ಜಗಳವಾಡಿತು. ಕೊನೆಗೆ ಕಸ್ತೂರೆವ್ವ ತಾನೇ ಎದ್ದು, ಅಕ್ಕನ ಮಾತು ಖರೆ ಐತಿ, ತಾನು ಮೇಲಿನಿಂದಲೇ ಮತ್ತೆ ನಡೆಯುತ್ತೇನೆ ಎಂದು ಹೇಳಿ ಹೊರಟುಹೋದಳು.

ಈ ತಿಂಗಳು ನಡೆದಳು. ಅವಳ ಹೆಜ್ಜೆ ಕೇಳಿಸದ ಕಲ್ಲು ಒಂದೂ ಇರಲಿಲ್ಲ. ಪ್ರತಿ ಸಂಜೆ ಅವಳಿದ್ದ ಜಾಗ ಕೇಳಿ ನನ್ನ ದಾಖಲೆಯ ನಡಿಗೆಯಲ್ಲಿ ಅದೇ ದಿನ ನಾನಿದ್ದ ಜಾಗಕ್ಕೆ ಹೋಲಿಸುತ್ತಿದ್ದೆ. ಪ್ರತಿ ಸಂಜೆ ಅವಳು ಮುಂದಿದ್ದಳು. ತಡೆಯಲಾಗದೆ ನಾನೇ ಅಗಸ್ತ್ಯಕೂಟಕ್ಕೆ ಬಂದು ಕಾದೆ. ನಿನ್ನೆ ಬಂದಳು, ಸುರಂಗದ ಸಲಕ್ಕಿಂತಲೂ ಬೇಗ. ಜನ ಮುತ್ತಿಕೊಂಡು ಹಾರ ಹಾಕಿದರು. ಅವಳು ಅವರನ್ನು ಸರಿಸಿಕೊಂಡು ಬಂದು ನನ್ನ ಪಕ್ಕ ಕುಸಿದು ಕೂತಳು.

"ಅಕ್ಕಾರ, ಹೊಟ್ಟಿ ಉರಿತೈತೇನ್ರಿ?"

"ಹೌದು."

"ಭಾಳ?"

"ಭಾರೀ."

ಅವಳು ಹಾರ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಉಳದವರೆಲ್ಲ ಖುಷಿ ಆತು ಅಂದ್ರು. ನಾ ಎಷ್ಟು ನಡದೀನಿ ಅನ್ನೂದು ನಿಮ್ಮೊಬ್ಬರಿಗೇ ಗೊತ್ತಾಗೇತಿ."

ಹಿರಿಯರೇ, ದಾರಿಗೆ ಗಡಿಯಾರ ಕಟ್ಟಿದವರು ನೀವು, ಅದಕ್ಕೇ ನಿಮ್ಮಲ್ಲಿ ಕೋರಿಕೆ. ನಿಮ್ಮನ್ನು ಮೀರಿಸಿದವರ ಮೇಲೆ ಅನುಮಾನ ಬಂದರೆ ಅವರ ದಾರಿಯನ್ನು ಒಮ್ಮೆ ನಡೆದು ನೋಡಿ, ಆಮೇಲೆ ಬಾಯಿ ತೆರೆಯಿರಿ. ಕಿಚ್ಚು ಆರುತ್ತದೆ ಎಂದು ಹೇಳಲಾರೆ. ಮುಂದಿನ ವರ್ಷ ಕಸ್ತೂರೆವ್ವ ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತಾಳಂತೆ, ಕಠಿಣ ಗುಡ್ಡಗಳಲ್ಲಿ ಸಾಕ್ಷಿಗೆ ನನ್ನನ್ನೇ ಕರೆದಿದ್ದಾಳೆ. ಒಪ್ಪಿದ್ದೇನೆ. ಅವಳು ಒಂದೇ ಒಂದು ಹೆಜ್ಜೆ ತಪ್ಪಿದರೂ ಬಿಡದೆ ಹಿಡಿಯುವ ಕಣ್ಣು ಈ ಘಟ್ಟದಲ್ಲಿ ನನ್ನದೊಂದೇ.

ನಿಮ್ಮ ಕಾಲುಗಳು ಗಟ್ಟಿಯಿರಲಿ.

ವಾರಿಜಾ