ನಾನು ಹೋಗದ ಆಲ್ಡರ್ ಫೋರ್ಕ್

ಜೂನ್ 9, 2007. ಶನಿವಾರ

ಹಾಗಂತ ನಾನು ಕೇಳಿದ್ನಾ? ಸ್ಕೂಲ್ ಬಿಟ್ಟಿದ್ದು ನಾನು. ಒಪ್ಕೋತೀನಿ. ಮ್ಯಾಥ್ಸ್ ಮೇಷ್ಟ್ರಿಗೆ ಬಾಯಿಗೆ ಬಂದಂಗೆ ಬೈದು ಕ್ಲಾಸಿಂದ ಎದ್ದು ಬಂದಿದ್ದೂ ನಾನೇ. ಆದ್ರೆ ನನ್ನ ಅಮೆರಿಕಾಕ್ಕೆ ಕಳಿಸಿದ್ದು ನಾನಲ್ಲ. ಹೋದ ಆಗಸ್ಟಿಂದ ಸ್ವೀಡನ್ನಲ್ಲೇ, ಯೋನ್‌ಶೋಪಿಂಗ್‌ನಲ್ಲಿದ್ದೆ. ಲೆನಾರ್ಟ್ ಅನ್ನೋನ ಅಂಗಡೀಲಿ ಕಾರಿನ ಟೈರ್ ಬದಲಾಯಿಸ್ತಿದ್ದೆ. ಚಳಿಗೊಂದು ಸೆಟ್, ಬೇಸಿಗೆಗೊಂದು ಸೆಟ್. ಕೈಯೆಲ್ಲಾ ಕಪ್ಪು, ಸೊಂಟ ನೋವು, ಆದ್ರೆ ಯಾರಿಂದಾನೂ ಏನೂ ಬಚ್ಚಿಡ್ಲಿಲ್ಲ. ಇಲ್ಲಿ ಸೊಲ್ಲೆಂಟುನಾದಲ್ಲಿ ಅಪ್ಪ ಕೂತ್ಕೊಂಡು ಕಂಡ ಕಂಡ ಕನ್ನಡದವರಿಗೆಲ್ಲಾ ಹೇಳಿದ್ದಾರೆ — ನಮ್ಮ ಸುದರ್ಶನ್ ಎಕ್ಸ್‌ಚೇಂಜ್ ಇಯರ್‌ಗೆ ಹೋಗಿದ್ದಾನೆ, ಅಯೋವಾದಲ್ಲಿ ರೈತರ ಮನೇಲಿದ್ದಾನೆ, ಅಲ್ಲೇ ಹೈಸ್ಕೂಲು.

ಸೀಸನ್ ಮುಗೀತು, ಆಗಸ್ಟ್‌ಗೆ ಬಾ ಅಂತ ಲೆನಾರ್ಟ್ ಕಳಿಸಿದ. ಮನೆಗೆ ಬಂದೆ. ಶೂ ಬಿಚ್ಚೋಕೂ ಬಿಡ್ಲಿಲ್ಲ, ಅಪ್ಪ ಕೈಗೆ ಪ್ರಿಂಟೌಟ್ ಇಟ್ರು. ಅಯೋವಾದ ಯಾವುದೋ ಟೌನ್‌ಶಿಪ್‌ನ ವೆಬ್ ಪೇಜು. ಮುಂದಿನ ಶನಿವಾರ ಕನ್ನಡದವರ ಪಿಕ್ನಿಕ್ ಇದೆ, ಎಲ್ರೂ ಕೇಳ್ತಾರೆ, ನಾಲ್ಕು ಮಾತಾಡ್ಬೇಕು, ಓದ್ಕೋ ಅಂದ್ರು.

ಕಿರುಚಿದೆ. ಅಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿದ್ಲು.

ಜೂನ್ 11

ಓದಿದೆ. ಬೇರೆ ಕೆಲಸ ಏನಿದೆ.

ಆಲ್ಡರ್ ಫೋರ್ಕ್ ಟೌನ್‌ಶಿಪ್. ಹೆಸರಲ್ಲಿ ಟೌನ್ ಇದೆ, ಜಾಗದಲ್ಲಿ ಇಲ್ಲ. ಆರು ಮೈಲಿ ಉದ್ದ, ಆರು ಮೈಲಿ ಅಗಲ, ಸ್ಕೇಲ್ ಇಟ್ಟು ಗೆರೆ ಹೊಡೆದಂಗೆ ಚೌಕ. ರಸ್ತೆಗಳೂ ನೆಟ್ಟಗೆ. ನದಿ ಒಂದು ಮಾತ್ರ ಯಾರ ಮಾತೂ ಕೇಳಿಲ್ಲ, ಆ ಮೂಲೆಯಿಂದ ಈ ಮೂಲೆಗೆ ಸೊಟ್ಟಗೆ ಹೋಗಿದೆ. ಜನ ನಾನೂರೂ ಇಲ್ಲ. ಮುಂಚೆ ಹಿಟ್ಟಿನ ಗಿರಣಿ, ಅಂಗಡಿ, ಪೋಸ್ಟಾಫೀಸು ಎಲ್ಲಾ ಇತ್ತಂತೆ. ರೈಲು ಬಂತು, ಪಕ್ಕದ ಟೌನ್‌ಶಿಪ್ ಮೇಲೆ ಹೋಯ್ತು. ಅಂಗಡಿಯೋರು ಗಾಡಿ ಕಟ್ಟಿ ಅದರ ಹಿಂದೇನೇ ಹೋದ್ರು. ಉಳಿದಿದ್ದು ಮೆಕ್ಕೆಜೋಳ, ಹಂದಿ, ಒಂದು ಚರ್ಚು. ಸ್ಮಶಾನ ಮಾತ್ರ ಮೂರು.

ಅದಕ್ಕೂ ಮುಂಚೆ ಅಲ್ಲಿದ್ದ ಮೂಲನಿವಾಸಿ ಜನದ ಬಗ್ಗೆ ಒಂದೇ ಸಾಲು. ಅವರು ಜಾಗ ಬಿಟ್ಟುಕೊಟ್ಟು ಪಶ್ಚಿಮಕ್ಕೆ ಹೋದ್ರು, ಅಷ್ಟೇ. ಬಿಟ್ಟುಕೊಟ್ರಂತೆ. ಬಸ್ಸಲ್ಲಿ ಅಜ್ಜಿಗೆ ಸೀಟ್ ಬಿಟ್ಟುಕೊಟ್ಟಂಗೆ. ಈ ಪೇಜ್ ಬರೆದೋನು ನಮ್ಮಪ್ಪನ ಥರಾನೇ ಇರ್ಬೇಕು.

ಊಟಕ್ಕೆ ಕೂತಾಗ ಅಪ್ಪ ಒಂದೊಂದೇ ಕೇಳಿದ್ರು. ನದಿ ಎಲ್ಲಿಂದ ಬರುತ್ತೆ, ಗಿರಣಿ ಯಾವಾಗ ಸುಟ್ಟುಹೋಯ್ತು, ಚರ್ಚ್ ಯಾರದ್ದು. ಎಲ್ಲಾ ಹೇಳ್ದೆ. ಒಂದೂ ತಪ್ಪಿಲ್ಲ.

"ನೋಡು, ಓದಿದ್ರೆ ಬರುತ್ತೆ ನಿಂಗೆ" ಅಂದ್ರು. ಮುಖ ಅರಳಿಹೋಗಿತ್ತು. ನಾಟಕ ಅಲ್ಲ, ನಿಜವಾಗ್ಲೂ. ನಾನು ತಲೆ ತಗ್ಗಿಸಿ ಮಜ್ಜಿಗೆ ಕಲಸ್ಕೊಂಡೆ. ನಂಗೂ ಖುಷಿಯಾಯ್ತು. ಥೂ. ಅದೇ ಅಸಹ್ಯ.

ಜೂನ್ 16, ಸಂಜೆ

ನಾಲ್ಕು ಮಾತು ಅಂದ್ಕೊಂಡಿದ್ದೆ. ಬಾಯಿ ನಿಲ್ಲಲೇ ಇಲ್ಲ.

ಎಡ್ಸ್‌ವಿಕೆನ್ ಕೊಲ್ಲಿ ದಡದಲ್ಲಿ ಚಾಪೆ ಹಾಸಿ ಎಲ್ರೂ ಕೂತಿದ್ರು. ಬಿಸಿಬೇಳೆಬಾತು, ಮೇಲೆ ಬೂಂದಿ. ಅಪ್ಪ ಚಪ್ಪಾಳೆ ತಟ್ಟಿ ನನ್ನ ಎಬ್ಬಿಸಿದ್ರು. ನದಿ, ಚೌಕ, ರೈಲು ಹೇಳಿ ಮುಗಿಸ್ದೆ. ಯಾವುದೋ ಆಂಟಿ ಕೇಳಿದ್ರು, ನಿನ್ನ ಇಟ್ಕೊಂಡಿದ್ದೋರು ಹೆಂಗಿದ್ರಪ್ಪಾ ಅಂತ. ಪೇಜಲ್ಲಿ ಅದಿಲ್ಲ.

ಡಾರ್ಲೀನ್ ಅಂದೆ. ಹೆಸರು ಎಲ್ಲಿಂದ ಬಂತೋ. ವಯಸ್ಸಾದೋರು, ಗಂಡ ಇಲ್ಲ, ಹಂದಿ ಸಾಕಿದ್ದಾರೆ. ಬೆಳಗ್ಗೆ ನಾನು ಎದ್ದು ಬಂದ ತಕ್ಷಣ ಮಾತಿಲ್ಲದೆ ಕಾಫಿ ಮುಂದೆ ಇಡ್ತಾರೆ. ಕೆಲಸ ಕೆಟ್ರೆ ಬೈಯಲ್ಲ, "ಮತ್ತೆ ಬಿಚ್ಚು, ಮತ್ತೆ ಹಾಕು" ಅಂತಾರೆ. ಅದೆಲ್ಲಾ ಲೆನಾರ್ಟ್‌ದು. ಅವನ ಒಳ್ಳೇತನ ಎಲ್ಲಾ ಕದ್ದು, ಇಲ್ಲದೇ ಇರೋ ಮುದುಕಿಗೆ ಉಡಿಸ್ಬಿಟ್ಟೆ. ಲೆನಾರ್ಟ್ ಅಂತ ಹೇಳೋಕೆ ನಂಗೂ ನಾಚಿಕೆ ಆಯ್ತೇನೋ. ಅಪ್ಪನಿಗೊಬ್ಬರಿಗೇ ಅಲ್ಲ.

ಕೊನೇಲಿ ಇನ್ನೊಂದು ಬಿಟ್ಟೆ — "ಅಲ್ಲಿ ಯಾರೂ ಮಾರ್ಕ್ಸ್ ಕೇಳಲ್ಲ. ಕೈಯಲ್ಲಿ ಏನು ಬರುತ್ತೆ ಅಂತ ಕೇಳ್ತಾರೆ."

ಬಸವರಾಜ ಅಂಕಲ್ ಬಂದು ತಬ್ಕೊಂಡ್ರು. ಅಪ್ಪನ ಜೊತೆ ಕಿಸ್ತಾಗೆ ಕೆಲಸಕ್ಕೆ ಒಂದೇ ರೈಲಲ್ಲಿ ಹೋಗೋರು, ಗದಗ ಕಡೆಯೋರು, ಗುಂಪಲ್ಲಿ ಮಾತ್ರ ನಮ್ಮ ಥರ ಮಾತಾಡ್ತಾರೆ. ಅವರ ಹೆಂಡತಿ ಕಾಂಚನಾ ಆಂಟಿ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು. ಮಗಳು ಆರತಿ ಒಂಬತ್ತನೇ ಕ್ಲಾಸ್ ಈಗ ಮುಗಿಸಿದ್ದಾಳೆ. ತಟ್ಟೆ ತೊಡೆ ಮೇಲೆ ಇಟ್ಕೊಂಡು ತಿನ್ನೋದೇ ಬಿಟ್ಟು ನನ್ನೇ ನೋಡ್ತಿದ್ಲು.

ಕಾರಲ್ಲಿ ಅಪ್ಪ ಹಾಡು ಗುನುಗ್ತಿದ್ರು.

ಜುಲೈ 1

ಬಸವರಾಜ ಅಂಕಲ್ ಫೋನ್. ಡಾರ್ಲೀನ್ ಅಡ್ರೆಸ್ ಬೇಕಂತೆ. ಆರತಿಗೆ ಇಲ್ಲಿ ಓದು ಹತ್ತುತ್ತಿಲ್ಲ, ಮ್ಯಾಥ್ಸ್ ಫೇಲು. ಒಂದು ವರ್ಷ ಆಯಮ್ಮನ ಹತ್ರ ಬಿಟ್ರೆ ಹುಡುಗಿ ಸರಿಹೋಗ್ತಾಳೆ ಅಂತ ಗಂಡ ಹೆಂಡತಿ ಇಬ್ರೂ ಯೋಚನೆ ಮಾಡಿದ್ದಾರೆ. ಹುಡುಕಿ ಕೊಡ್ತೀನಿ ಅಂದೆ.

ಅಪ್ಪ ಗಡ್ಡ ಕೆರ್ಕೊಂಡು ಎರಡು ಸುತ್ತು ಓಡಾಡಿದ್ರು. "ಹೋಗ್ಬಿಟ್ರು ಅಂತ ಹೇಳು."

ಎಲ್ಲಿಗೆ ಅಂದೆ. ಮೇಲೆ ಕೈ ತೋರ್ಸಿದ್ರು.

ಅಮ್ಮ ಬಿಡ್ತು ಅನ್ನಿ ಅಂದ್ಲು. ಇಲ್ಲದೇ ಇರೋಳು ಸತ್ರೆ ಯಾರ ಮನೆ ಗಂಟು ಹೋಗುತ್ತೆ ಅಂದ್ರು ಅಪ್ಪ.

ಜುಲೈ 3

ಸಾಯಿಸ್ದೆ. ಫೋನಲ್ಲೇ. ಹಾರ್ಟ್ ಅಟ್ಯಾಕ್.

ಅಂಕಲ್ ಕೇಳಿದ್ದು ಒಂದೇ, ಊಟ ಮಾಡಿದ್ಯಾ ಅಂತ.

ಜುಲೈ 4

ಬರೆಯೋಕೇ ಆಗ್ತಿಲ್ಲ... ಬರೀತೀನಿ.

ಮಧ್ಯಾಹ್ನ ಬೆಲ್ ಆಯ್ತು. ಅಂಕಲ್ಲು, ಆಂಟಿ. ಆಂಟಿ ಕೈಯಲ್ಲಿ ದೊಡ್ಡ ಟಿಫಿನ್ ಕ್ಯಾರಿಯರ್. ರೊಟ್ಟಿ, ಪಲ್ಯ, ಅನ್ನ, ಸಾರು. ಸಾವಿನ ಮನೇಲಿ ಒಲೆ ಹಚ್ಚಬಾರದು, ಆ ತಾಯಿ ನಿನ್ನ ಒಂದು ವರ್ಷ ಸಾಕಿದ್ದಾಳೆ, ಇದೂ ಅವಳ ಮನೇನೇ ಅಂದ್ರು. ಅಡುಗೆಮನೇಲಿ ಹುಳಿ ಕುದೀತಿತ್ತು. ಅಮ್ಮ ಓಡಿಹೋಗಿ ಆಫ್ ಮಾಡಿ ಮೇಲೆ ತಟ್ಟೆ ಮುಚ್ಚಿದ್ಲು. ಇಂಗಿನ ವಾಸನೆ ಮುಚ್ಚೋಕಾಗುತ್ತಾ? ಅವರು ಕೇಳಲೂ ಇಲ್ಲ.

ಆಂಟಿ ನಂಗೇ ಮೊದಲು ಬಡಿಸಿದ್ರು. ಪಕ್ಕದಲ್ಲಿ ಕೂತು ಬೆನ್ನು ಸವರ್ತಿದ್ರು. ಅಳು ಬಂದ್ರೆ ಅತ್ತುಬಿಡು, ಗಂಡಸಾದ್ರೆ ಏನು ಅಂದ್ರು. ನಂಗೆ ನಿಜವಾಗ್ಲೂ ಅಳು ಬಂತು. ಡಾರ್ಲೀನ್‌ಗಲ್ಲ. ಅವರು ಅದನ್ನ ಡಾರ್ಲೀನ್‌ಗೆ ಅಂದ್ಕೊಂಡ್ರು, ಇನ್ನೂ ಜಾಸ್ತಿ ಸವರಿದ್ರು. ಕೈ ಕಿತ್ತು ಎಸೀಬೇಕು ಅನ್ನಿಸ್ತು. ಅವರದ್ದಲ್ಲ, ನಂದು.

ಅಪ್ಪ ಮುಖ ಸಪ್ಪಗೆ ಮಾಡ್ಕೊಂಡೇ ಪಲ್ಯ ಎರಡನೇ ಸಲ ಹಾಕಿಸ್ಕೊಂಡ್ರು.

ಜುಲೈ 27

ಸ್ಟೇಷನ್ ಹತ್ರ ಆರತಿ ಸಿಕ್ಕಿದ್ಲು. ಅವಳು ಸ್ವೀಡಿಷಲ್ಲಿ, ನಾನು ಕನ್ನಡದಲ್ಲಿ. ಮ್ಯಾಥ್ಸ್ ಪಾಸಾಗದೆ ಜಿಮ್ನಾಸಿಯೆಟ್‌ಗೆ, ಅಂದ್ರೆ ಇಲ್ಲಿನ ಪಿಯುಸಿಗೆ, ಸೀಟಿಲ್ಲ. ಬೇಸಿಗೆ ಕ್ಲಾಸ್ ಇಟ್ಟಿದ್ರು, ಇವಳು ಒಂದು ದಿನಾನೂ ಹೋಗಿಲ್ಲ. ಆಗಸ್ಟಲ್ಲಿ ಇನ್ನೊಂದು ಪರೀಕ್ಷೆ ಇದೆ, ಅದಕ್ಕೂ ಕೂರಲ್ಲ ಅಂತಾಳೆ. ಯಾಕೆ ಕೂರ್ಬೇಕು, ಡಾರ್ಲೀನ್ ಹೋದ್ರೂ ಆ ಊರಲ್ಲಿ ಅಂಥೋರು ಇನ್ನೂ ಇರ್ತಾರೆ, ಮುಂದಿನ ವರ್ಷ ಹೋಗೇ ಹೋಗ್ತೀನಿ, ಅಲ್ಲಿ ಮಾರ್ಕ್ಸ್ ಕೇಳಲ್ಲ ಅಂತ ನೀನೇ ಹೇಳ್ದೆ ಅಂದ್ಲು.

ಆ ನದಿ ಚಳಿಗಾಲದಲ್ಲಿ ಗಟ್ಟಿಯಾಗುತ್ತಾ ಅಂತ ಕೇಳಿದ್ಲು. ಸ್ಕೇಟಿಂಗ್ ಆಸೆ.

ಹೂಂ ಅಂದೆ. ಯಾಕೆ ಅಂದೆ? ನಾಲಿಗೆ ಸುಟ್ಟುಹೋಗಬಾರದಿತ್ತಾ.

ಆಗಸ್ಟ್ 4. ಶನಿವಾರ

ಬಸವರಾಜ ಅಂಕಲ್ ಒಬ್ರೇ ಬಂದಿದ್ರು. ನಡಿ, ಸ್ವಲ್ಪ ಓಡಾಡೋಣ ಅಂದ್ರು. ಆಟದ ಮೈದಾನದ ಬೆಂಚ್ ಮೇಲೆ ಕೂತ್ವಿ. ಅಲ್ಲಿ ಅವರ ಮಾತೇ ಬದಲಾಯ್ತು, ಊರಿನ ಮಾತು ಬಂತು.

"ತಮ್ಮಾ, ನಾ ಆ ಊರಿಗೆ ಫೋನ್ ಹಚ್ಚಿದ್ದೆ."

ಆಯಮ್ಮನ ಮನೆಯೋರಿಗೆ ಎರಡು ಒಳ್ಳೇ ಮಾತು ಹೇಳೋಣ ಅಂತ. ಪೇಜಲ್ಲಿ ಟೌನ್‌ಶಿಪ್ ಕ್ಲರ್ಕ್ ನಂಬರ್ ಇತ್ತಂತೆ. ಫೋನ್ ಎತ್ತಿದ್ದು ಒಬ್ಬ ಅಜ್ಜಿ. ಅಲ್ಲಿರೋ ಮನೆಮನೇನೂ ಗೊತ್ತಂತೆ ಆಕೆಗೆ. ಡಾರ್ಲೀನ್ ಅನ್ನೋರು ಯಾರೂ ಸತ್ತಿಲ್ಲ. ಬದುಕಿಯೂ ಇಲ್ಲ. ಇಂಡಿಯಾದ ಹುಡುಗ ಬಂದಿದ್ರೆ ನಾನೇ ಊಟಕ್ಕೆ ಕರೀತಿದ್ದೆ ಅಂದ್ರಂತೆ.

ಕೆನ್ನೆಗೆ ಹೊಡೀತಾರೆ ಅಂದ್ಕೊಂಡೆ. ಹೊಡೀಲಿ ಅಂತಾನೂ ಅಂದ್ಕೊಂಡೆ. ಎಲ್ಲಾ ಹೇಳೋಕೆ ಬಾಯಿ ತೆಗೆದೆ, ಟೈರು, ಯೋನ್‌ಶೋಪಿಂಗು. ಅವರು ಕೈ ಅಡ್ಡ ಹಿಡಿದ್ರು.

"ನನಗ ಏನೂ ಹೇಳಬ್ಯಾಡ. ನಾ ಮನ್ಯಾಗೂ ಹೇಳಿಲ್ಲ, ನಿಮ್ಮಪ್ಪಗೂ ಕೇಳಂಗಿಲ್ಲ. ಆರತಿಗೆ ಹೇಳು. ಸೋಮವಾರದೊಳಗ ಆಕಿ ಪರೀಕ್ಷಾಕ್ಕ ಹೆಸರು ಕೊಡಬೇಕು. ನಾ ಹೇಳಿದ್ರ ಓದಸಾಕ ಸುಳ್ಳ ಹೇಳ್ತಾನ ಅಂತಾಳ. ಆಕಿ ನಿನ್ನ ನಂಬ್ಯಾಳ."

ಎದ್ದು ಹೋದ್ರು. ನಾನು ಅಲ್ಲೇ ಕೂತಿದ್ದೆ. ಮಕ್ಕಳು ಜಾರುಬಂಡೆ ಹತ್ತಿ ಇಳೀತಿದ್ವು.

ಆಗಸ್ಟ್ 5, ಬೆಳಗ್ಗೆ ಹನ್ನೊಂದು

ಅಪ್ಪನಿಗೆ ಹೇಳ್ದೆ. ಅಂಕಲ್‌ಗೆ ಗೊತ್ತಾಗಿದೆ ಅಂತ. ಮುಖ ಬೂದಿಯಾಯ್ತು. ಕುರ್ಚಿ ಹಿಡ್ಕೊಂಡ್ರು. ಒಂದು ಕ್ಷಣ ಪಾಪ ಅನ್ನಿಸ್ತು. ಆಮೇಲೆ ಕೇಳಿದ್ರು, ಬೇರೆ ಯಾರಿಗಾದ್ರೂ ಹೇಳಿದಾನಾ? ಇಲ್ಲ ಅಂದೆ. ಹಾಗಾದ್ರೆ ಬಿಡು ಅಂದ್ರು. ಹಾಗಾದ್ರೆ ಬಿಡು.

ಆರತಿಗೆ ಹೇಳೋಕೆ ಹೋಗ್ತಿದ್ದೀನಿ ಅಂದೆ. ಬೇಡ, ಆ ಹುಡುಗಿ ಬಾಯಲ್ಲಿ ನಿಲ್ಲಲ್ಲ ಅಂದ್ರು. ಅವಳ ವರ್ಷ ಹಾಳಾಗುತ್ತೆ ಅಪ್ಪ ಅಂದೆ. ಅವಳ ಅಪ್ಪ ನೋಡ್ಕೋತಾನೆ ಅಂದ್ರು. ಇನ್ನೊಂದೂ ರೆಡಿ ಇಟ್ಕೊಂಡಿದ್ರು — ನೀನು ಹೆಂಗೂ ಯೋನ್‌ಶೋಪಿಂಗ್‌ಗೆ ಹೋಗ್ತೀಯ, ಅಲ್ಲಿ ಯೂನಿವರ್ಸಿಟಿ ಇದೆ, ಇಂಜಿನಿಯರಿಂಗ್ ಸಿಕ್ತು ಅಂತೀನಿ.

"ಟೈರ್ ಅಂಗಡಿ ಅಂತ ಹೇಳಿ. ಒಂದ್ಸಲ. ನನ್ನ ಮುಂದೆ, ಅಮ್ಮನ ಮುಂದೆ. ಇಲ್ಲಿ ಬೇರೆ ಯಾರೂ ಇಲ್ಲ."

ಪ್ರಯತ್ನ ಪಟ್ರು. ಸುಳ್ಳು ಯಾಕೆ ಬರೀಲಿ, ಪಟ್ರು. "ನನ್ನ ಮಗ" ಅಂದ್ರು. ತುಟಿ ಅಲ್ಲಾಡ್ತು. ಆಮೇಲೆ ನೀರು ಕೇಳಿದ್ರು. ಅಮ್ಮ ತಂದುಕೊಟ್ಲು. ಕುಡಿದು ಲೋಟ ನೋಡ್ತಾ ನಿಂತ್ರು.

ಶೂ ಹಾಕ್ಕೊಂಡೇ ಬರೀತಿದ್ದೀನಿ. ಬ್ಯಾಗ್ ಹೆಗಲ ಮೇಲಿದೆ. ಮೊದಲು ಆರತಿ ಮನೆ. ಏನು ಹೇಳ್ತೀನೋ ಗೊತ್ತಿಲ್ಲ. ನಾನು ಆ ನದಿ ನೋಡೇ ಇಲ್ಲ ಅಂತ ಶುರು ಮಾಡ್ತೀನಿ. ಉಗೀತಾಳೆ. ಉಗಿಸ್ಕೋತೀನಿ. ಆಮೇಲೆ ರೈಲು.

ಅಪ್ಪ ಹಜಾರದಲ್ಲಿ ನಿಂತಿದ್ದಾರೆ. ತಡೀತಿಲ್ಲ. ಹೋಗೋದಾದ್ರೆ ಹೋಗು, ಬಾಗಿಲು ಮಾತ್ರ ಮೆತ್ತಗೆ ಹಾಕು, ಪಕ್ಕದೋರಿಗೆ ಕೇಳುತ್ತೆ ಅಂತಾರೆ.

ಕೇಳ್ಲಿ. ಮೂರು ಮಹಡಿಗೂ ಕೇಳ್ಬೇಕು, ಹಂಗೆ ಹಾಕ್ತೀನಿ, ಈಗ —