ನಟ್ಟಿನ ಮೇಲಿನ ಕುಂಕುಮ

೭ ಫೆಬ್ರವರಿ ೨೦೨೬, ಶನಿವಾರ

ಬ್ರೇಕಿನ ಕಿರುಚಾಟ ಇವತ್ತು ನಿಂತಿತು. ಸಮಾಧಾನವಾಗಬೇಕಿತ್ತು, ಆಗುತ್ತಿಲ್ಲ.

ಕಾರು ತಂದು ನಾಲ್ಕು ತಿಂಗಳೂ ಆಗಿಲ್ಲ. ಬೆಳಗಾವಿಯ ಶೋರೂಮಿಗೆ ಮೂರು ಸಲ ಒಯ್ದೆ. ಅಲ್ಲಿ ಸರ್ವಿಸ್ ನೋಡಿಕೊಳ್ಳುವವನು ನನ್ನ ಅಕ್ಕನ ಮಗ ಗೌರೀಶ. ಮೂರು ಸಲವೂ ಅದೇ ಮಾತು: "ಮಾಮಾ, ನಾನ ಮುಂದ ನಿಂತು ನಾಕೂ ಗಾಲಿ ಬಿಚ್ಚಿಸಿ ಸ್ವಚ್ಛ ಮಾಡಿಸೇನ್ರಿ. ಹೊಸಾ ಗಾಡಿ, ಸ್ವಲ್ಪ ದಿನ ಒದರೂದ." ಅವನನ್ನು ನಂಬದೆ ಇನ್ಯಾರನ್ನು ನಂಬಲಿ?

ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ಹಲಸಿಯ ಗುಡಿಗೆ ಹೊರಟಿದ್ದೆ. ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಬ್ರೇಕ್ ಒತ್ತಿದರೆ ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾಚಿಕೆಯಾಗಿ ಅಲ್ಲೇ ಒಂದು ಗ್ಯಾರೇಜಿಗೆ ಹೊಕ್ಕೆ. ಮಿಸ್ತ್ರಿ ಭರಮಣ್ಣ ಗಾಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದವನೇ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

"ಸಾಹೇಬ್ರ, ಈ ಗಾಲಿ ಯಾರೂ ಬಿಚ್ಚಿಲ್ರಿ. ನಟ್ಟಿನ ಮ್ಯಾಲಿನ ಕುಂಕುಮ ಹಂಗ ಐತಿ ನೋಡ್ರಿ."

ದೀಪಾವಳಿ ಪಾಡ್ಯದ ಪೂಜೆಯಲ್ಲಿ ಅವ್ವ ಮುಚ್ಚಳ ತೆಗೆಸಿ ಒಂದೊಂದು ನಟ್ಟಿಗೂ ಹಚ್ಚಿದ್ದ ಕುಂಕುಮ. ಅದರ ಮೇಲೆ ಒಂದು ಗೀರೂ ಇರಲಿಲ್ಲ. ನಾಲ್ಕೂ ಗಾಲಿ ನೋಡಿದೆ, ಎಲ್ಲವೂ ಹಾಗೇ. ಬ್ರೇಕ್ ಪ್ಯಾಡಿನಲ್ಲಿ ಸಿಕ್ಕಿಕೊಂಡಿದ್ದ ಸಣ್ಣ ಹರಳು ತೆಗೆಯಲು ಭರಮಣ್ಣನಿಗೆ ಹತ್ತು ನಿಮಿಷ ಸಾಕಾಯಿತು.

ಸಂಜೆ ಗೌರೀಶನೇ ಫೋನ್ ಮಾಡಿದ. "ಮಾಮಾ, ಸಪ್ಪಳ ಕಡಿಮಿ ಆತೇನ್ರಿ?"

"ಪೂರಾ ಹೋತಪಾ."

"ನಾ ಹೇಳಿದ್ದಿಲ್ರಿ?" ಎಂದು ನಕ್ಕ. ನಾನು ಫೋನ್ ಇಟ್ಟೆ.

ಪಾಡ್ಯದ ಪೂಜೆಗೆ ಅವನೂ ಬಂದಿದ್ದ. ಕೊನೆಯ ನಟ್ಟಿಗೆ ಹಚ್ಚಿದ ಮೇಲೆ ಬೆರಳಲ್ಲಿ ಉಳಿದ ಕುಂಕುಮವನ್ನು ಅವ್ವ ಹಚ್ಚಿದ್ದು ಅವನ ಹಣೆಗೆ.