ವಿಭೂತಿ ಹಚ್ಚಿದ ಮತ್ತಿಮರ

ಬಸರೀಕಟ್ಟೆ
೬ ಏಪ್ರಿಲ್ ೨೦೨೫, ಭಾನುವಾರ

ಯಜಮಾನರಿಗೆ ಸುಮಿತ್ರಾ ಮಾಡುವ ಶರಣು ಶರಣಾರ್ಥಿ.

ಕವರಿನ ಮೇಲೆ ಸೋಮನಾಥ ಎಂದು ನಿಮ್ಮ ಹೆಸರು ಬರೆದಿದ್ದೇನೆ. ಇಷ್ಟು ವರ್ಷದ ಸಂಸಾರದಲ್ಲಿ ಬಾಯಲ್ಲಿ ಒಮ್ಮೆಯೂ ಹೇಳದ ಹೆಸರು. ಅಂಚೆಯವನಿಗೆ ‘ನಮ್ಮನೆಯವರು, ಶೆಟ್ಟಿಕೊಪ್ಪ’ ಎಂದರೆ ಗೊತ್ತಾಗುವುದಿಲ್ಲವಲ್ಲ. ಫೋನ್ ಇದೆ, ನಿಜ. ಆದರೆ ಫೋನ್ ಮಾಡಿದರೆ ನೀವು ಎರಡು ಸಲ ‘ಹೂಂ’ ಎಂದು ಅದನ್ನು ನಿಮ್ಮ ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಸುಲೋಚನಮ್ಮ ಅತ್ತಿಗೆಯ ಹತ್ತಿರ ಮಾತಾಡುವುದು ನನಗೂ ಇಷ್ಟವೇ, ಆದರೆ ಈಗ ಹೇಳಬೇಕಾದದ್ದು ನಿಮಗೆ. ಕಾಗದವನ್ನಾದರೆ ಅರ್ಧಕ್ಕೆ ಬಿಟ್ಟು ಇನ್ನೊಬ್ಬರ ಕೈಗೆ ದಾಟಿಸಲಾರಿರಿ ಅಂದುಕೊಂಡಿದ್ದೇನೆ.

ವಿಷಯ ಇಷ್ಟೇ. ಬರುವ ಶನಿವಾರ ನೀವು ಮನೆಗೆ ಬರಬೇಕು. ಬಂದು, ಎರಡು ವರ್ಷದ ಹಿಂದೆ ಕೆಳಗಿನ ತೋಟದ ಮರಗಳನ್ನು ಕಡಿಸಲು ಹೊರಟಿದ್ದು ನಿಜ ಎಂದು ಒಂದು ಮಾತು ಹೇಳಬೇಕು. ಯಾವ ಮಾತಿಗೆ ಜಗಳವಾಡಿ ನೀವು ಅಕ್ಕನ ಮನೆ ಸೇರಿದಿರೋ ಅದೇ ಮಾತನ್ನು ಇನ್ನೊಮ್ಮೆ ಹೇಳಿ ಎಂದು ನಾನೇ ಕೇಳುತ್ತಿದ್ದೇನೆ. ನಗಬೇಡಿ, ಮೊದಲಿಂದ ಹೇಳುತ್ತೇನೆ.

ಅದಕ್ಕೂ ಮುಂಚೆ ತೋಟದ ಸುದ್ದಿ. ನೀವಿಲ್ಲದೆ ತೋಟ ಹಾಳುಬಿದ್ದಿದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಯುಗಾದಿಗೆ ಮೊದಲೇ ಹೂಮಳೆ ಬಂತು. ಈಗ ಕಾಫಿ ಗಿಡದ ರೆಂಬೆ ರೆಂಬೆಯೂ ಬಿಳಿ ಹೂ, ಬೆಳಿಗ್ಗೆ ಬಾಗಿಲು ತೆಗೆದರೆ ಅಡುಗೆಮನೆಯ ತನಕ ಪರಿಮಳ. ಮೆಣಸಿನ ಬಳ್ಳಿ ಮತ್ತಿಮರವನ್ನು ಅರ್ಧಕ್ಕಿಂತ ಮೇಲೆ ಹತ್ತಿದೆ. ಶೃಂಗೇರಿಯಿಂದ ಮಗಳು ಶಿಲ್ಪಶ್ರೀ ಶಾಲೆಗೆ ರಜೆ ಸಿಕ್ಕಾಗೆಲ್ಲ ಬರುತ್ತಾಳೆ. ಬಂದವಳು ನಿಮ್ಮ ಕುರ್ಚಿಯಲ್ಲಿ ಕೂತು, ಅಪ್ಪನಿಗೂ ಅಮ್ಮನಿಗೂ ಬುದ್ಧಿ ಯಾವಾಗ ಬರುತ್ತದೆ ಎಂದು ನನ್ನನ್ನೇ ಕೇಳುತ್ತಾಳೆ. ಒಟ್ಟಿನಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಹೊಟ್ಟೆ ಉರಿಸಲು ಹೇಳುತ್ತಿಲ್ಲ, ಸ್ವಲ್ಪ ಉರಿದರೆ ಬೇಡವೆನ್ನುವುದೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಶ್ವೇತ ಎಂಬ ಹುಡುಗಿ ಬಂದಿದ್ದಳು. ನರಸಿಂಹರಾಜಪುರದವಳು, ಬೆಂಗಳೂರಿನ ಒಂದು ಕಂಪನಿಗೆ ನಮ್ಮ ಕಡೆ ಓಡಾಡುತ್ತಾಳೆ. ಕಾಫಿತೋಟದ ನೆರಳಿನ ಮರಗಳನ್ನು ಕಡಿಯದೆ ಉಳಿಸಿಕೊಳ್ಳುವವರನ್ನು ಒಂದು ಗುಂಪು ಮಾಡುವುದು ಅವಳ ಕೆಲಸ. ಆ ಮರಗಳು ಹೀರಿಕೊಂಡು ಹಿಡಿದಿಟ್ಟ ಹೊಗೆಯನ್ನು ಲೆಕ್ಕ ಹಾಕಿ, ದೂರದ ಯಾವುದೋ ದೇಶದ ಸಿಮೆಂಟು ಕಾರ್ಖಾನೆಗೆ ಮಾರುತ್ತಾರಂತೆ. ಅವರು ಬಿಟ್ಟ ಹೊಗೆಗೆ ನಮ್ಮ ಮರ ಜಾಮೀನು. ಬಂದದ್ದರಲ್ಲಿ ತೋಟದವರಿಗೂ ಪಾಲು.

ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಬುಡದಿಂದ ಕೇಳದೆ ಬಿಡುವವಳಲ್ಲ. ಎಲ್ಲ ದೇಶದವರೂ ವರ್ಷಕ್ಕೊಮ್ಮೆ ಒಂದೂರಿನಲ್ಲಿ ಸೇರುತ್ತಾರಂತೆ. ಹೊಗೆ ಎಷ್ಟು ಕಡಿಮೆ ಮಾಡುತ್ತೇವೆಂದು ಯಾರೂ ಯಾರಿಗೂ ಅಪ್ಪಣೆ ಕೊಡುವ ಹಾಗಿಲ್ಲ. ಅವರವರ ಮಾತು ಅವರವರೇ ಕೊಡಬೇಕು. ಕೊಟ್ಟ ಮಾತಿಗೆ ತಪ್ಪಿದರೆ ಏನು ಮಾಡುತ್ತಾರೆ ಎಂದು ಕೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟು, “ಏನೂ ಮಾಡಲ್ಲ ಆಂಟಿ. ಮುಂದಿನ ಸಲ ಎಲ್ಲರ ಎದುರಿಗೆ ಮುಖ ತೋರಿಸ್ಬೇಕಲ, ಅಷ್ಟೇ” ಎಂದಳು. ನನಗೆ ನಗು ಬಂತು. ನಮ್ಮ ಸಂಸಾರವೂ ಇಷ್ಟು ವರ್ಷ ಹೀಗೇ ತಾನೇ ನಡೆದದ್ದು. ಆದರೆ ಅವರು ವರ್ಷಕ್ಕೊಮ್ಮೆಯಾದರೂ ಎದುರು ಬದುರು ಕೂರುತ್ತಾರೆ.

ಇನ್ನೊಂದು ನಿಯಮ ಕೇಳಿ. ಇಲ್ಲಿ ಮರ ಉಳಿಸುತ್ತೇನೆಂದು ಒಪ್ಪಿದವರು ಹೋಗಿ ಬೇರೆ ಕಡೆ ಕಡಿಯಬಾರದು. ಅದಕ್ಕೆ ಸೋರಿಕೆ ಎನ್ನುತ್ತಾರಂತೆ. ಇಲ್ಲಿ ಬಾಯಿ ಬಿಡದ ನೀವು ಶೆಟ್ಟಿಕೊಪ್ಪದ ಜಗಲಿಯಲ್ಲಿ ಊಟದ ಹೊತ್ತು ಮೀರಿದರೂ ಹರಟೆ ಹೊಡೆಯುತ್ತೀರೆಂದು ಅತ್ತಿಗೆ ಹೇಳಿದ್ದು ಆಗ ನೆನಪಾಯಿತು.

ತೊಡಕು ಬಂದದ್ದು ಇಲ್ಲಿ. ಶ್ವೇತ ತೋಟವೆಲ್ಲ ಸುತ್ತಿ, ಮರಗಳ ಸುತ್ತಳತೆ ತೆಗೆದು, ಕೊನೆಗೆ ಕೇಳಿದಳು, “ನಾವು ಬರದೇ ಇದ್ದಿದ್ರೆ ಇವನ್ನ ಕಡಿಸ್ತಿದ್ರಾ ಆಂಟಿ?” ಜೀವ ಹೋದರೂ ಕಡಿಸುತ್ತಿರಲಿಲ್ಲ ಎಂದೆ, ಶಭಾಶ್ ಅನ್ನುತ್ತಾಳೆಂದುಕೊಂಡು. ಅವಳ ಮುಖ ಸಣ್ಣದಾಯಿತು. ಹಾಗಾದರೆ ನಿಮ್ಮ ತೋಟ ಇದಕ್ಕೆ ಸೇರುವುದಿಲ್ಲ ಎಂದಳು. ಹೇಗೂ ಉಳಿಯುತ್ತಿದ್ದ ಮರವನ್ನು ‘ಉಳಿಸಿದೆವು’ ಎಂದು ಮಾರುವಂತಿಲ್ಲ. ಬೀಳಲಿದ್ದ ಮರ ಆಗಿರಬೇಕು. ನೋಡಿದಿರಾ? ಕಡಿಸಲು ಹೊರಟವರಿಗೆ ಮಣೆ, ಅಡ್ಡ ನಿಂತವಳಿಗೆ ಏನೂ ಇಲ್ಲ. ಆ ರಾತ್ರಿ ಸಿಟ್ಟಿನಲ್ಲಿ ನಾನು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮಾರನೆಯ ದಿನ ನನಗೆ ಹೊಳೆಯಿತು. ಬೀಳಲಿದ್ದವೇ ತಾನೇ! ನೀವು ಕರೆತಂದ ಮರದ ವ್ಯಾಪಾರಿ ಕೊಪ್ಪದ ರಘುಪತಿ ಒಂದೊಂದು ಬುಡಕ್ಕೂ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದನಲ್ಲ. ಅದಕ್ಕಿಂತ ಸಾಕ್ಷಿ ಬೇಕೇ? ಶ್ವೇತಳನ್ನು ಕರೆಸಿ ಮತ್ತೆ ಕೆಳಗಿನ ತೋಟಕ್ಕೆ ಹೋದೆ. ಹೋದ ಮೇಲೆ ನಾನು ಮಾಡಿಟ್ಟಿದ್ದ ಘನಕಾರ್ಯ ನೆನಪಾಯಿತು.

ನೀವು ಮನೆ ಬಿಟ್ಟ ವಾರವೇ ಆ ನಂಬರುಗಳನ್ನು ನೋಡಲಾಗದೆ ತಿಕ್ಕಿ ತೊಳೆದಿದ್ದೆ. ಹೋಗಲಿಲ್ಲ. ದೇವರ ಜಗಲಿಯ ಮೇಲಿದ್ದ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಕಲಸಿಕೊಂಡು ಹೋಗಿ ಎಲ್ಲ ನಂಬರುಗಳ ಮೇಲೂ ಬಳಿದುಬಿಟ್ಟೆ. ನನ್ನ ಕೈಗೆ ವಿಭೂತಿ ಹಚ್ಚಲು ಗೊತ್ತಿರುವುದು ಒಂದೇ ರೀತಿ, ಮೂರು ಬೆರಳಿನ ಮೂರು ಗೆರೆ. ಕಾಫಿ ಕುಯ್ಯಲು ಬಂದ ಹೆಂಗಸರು ಅದನ್ನು ನೋಡಿ, ಮತ್ತಿಮರದಲ್ಲಿ ದೇವರು ಬಂದಿದೆ ಎಂದು ಚಪ್ಪಲಿ ಬಿಡತೊಡಗಿದರು. ದೀಪಾವಳಿಯ ಹೊತ್ತಿಗೆ ಯಾರೋ ಕೆಂಪು ಬಟ್ಟೆ ಕಟ್ಟಿದರು. ಆಮೇಲೆ ತೆಂಗಿನಕಾಯಿ ಬಂತು. ನಮ್ಮ ರೇಣುಕಪ್ಪನಂತೂ ಮೆಣಸು ಕುಯ್ಯಲು ಏಣಿ ಇಡುವ ಮೊದಲು ಒಂದು ಸುತ್ತು ಬಂದು ಕೈ ಮುಗಿಯುತ್ತಾನೆ. ಗೆರೆ ಮಾಸಿದರೆ ಯಾರೋ ಹೊಸದಾಗಿ ಎಳೆಯುತ್ತಾರೆ. ನಾನು ಬಾಯಿ ಬಿಡಲಿಲ್ಲ. ಮರಕ್ಕೆ ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ.

ಶ್ವೇತ ಅದನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ಪೂಜೆ ನಡೆಯುವ ಮರವನ್ನು ಯಾರು ಕಡಿಯುತ್ತಾರೆ ಎಂದು ಮೇಲಿನವರು ಕೇಳುವುದಿಲ್ಲವೇ? ಕೆಳಗೆ ನಂಬರಿದೆ ಎಂದೆ. ಹಾಗಾದರೆ ಒರೆಸಿ ತೋರಿಸಿ ಎಂದಳು. ನಾನು ಸೆರಗು ಒದ್ದೆ ಮಾಡಿಕೊಂಡು ಬಗ್ಗಿದೆ. ರೇಣುಕಪ್ಪ ಏಣಿಯಿಂದ ಇಳಿದು ಬಂದು ಅಡ್ಡ ನಿಂತ. “ಒಂದ್ಸಲ ಕೈ ಮುಗಿದ್ಮೇಲೆ ಒರೆಸೋದು ಎಂತದು ಅಮ್ಮಾ? ನನ್ ಕೈಲಿ ನೋಡಕ್ಕಾಗಲ್ಲ” ಎಂದ. ನಿಜ ಹೇಳಬೇಕೆಂದರೆ ನನ್ನ ಕೈಲೂ ಆಗುತ್ತಿರಲಿಲ್ಲ. ಗುಟ್ಟು ಗೊತ್ತಿರುವವಳು ನಾನೊಬ್ಬಳೇ ಆದರೂ, ಇಷ್ಟು ದಿನದಲ್ಲಿ ನಾನೂ ಅಲ್ಲಿ ಚಪ್ಪಲಿ ಬಿಡುವುದನ್ನು ರೂಢಿ ಮಾಡಿಕೊಂಡಿದ್ದೆ.

ಇನ್ನು ಉಳಿದಿದ್ದು ಒಂದೇ ದಾರಿ ಎಂದಳು ಶ್ವೇತ. ಪಹಣಿಯಲ್ಲಿ ಇಬ್ಬರ ಹೆಸರೂ ಇರುವುದರಿಂದ, ತಾನು ಮತ್ತೆ ಬರುವ ಶನಿವಾರ, ಕಡಿಸಬೇಕೆಂದಿದ್ದವರು ತಾವೇ ಬಂದು ಹಾಗೆಂದು ಹೇಳಬೇಕು. ವ್ಯಾಪಾರಿಯ ಮಾತೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅದಕ್ಕೇ ಮಂಗಳವಾರ ಜೀಪು ಹತ್ತಿ ಕೊಪ್ಪಕ್ಕೆ ಹೋಗಿ ರಘುಪತಿಯನ್ನು ಕಂಡು ಬಂದೆ. ಅವನು ಕೂರಿಸಿ, ಕಾಫಿ ಕೊಟ್ಟು, ಬಹಳ ಹೊತ್ತು ಮಾತಾಡಿದ. ಅವನ ಕಾಫಿಯಲ್ಲಿ ಚಿಕೋರಿಯೇ ಹೆಚ್ಚು.

ಶನಿವಾರ ಬೆಳಗಿನ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ಇಲ್ಲಿರಬಹುದು. ಎಳೆ ಹಲಸಿನಕಾಯಿ ಬಿಟ್ಟಿದೆ, ಪಲ್ಯ ಮಾಡಿರುತ್ತೇನೆ. ನಿಮ್ಮ ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು, ಸರಿ ಮಾಡಿಸಿದ್ದೇನೆ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಅವರ ತೋಟದ ಕೆಲಸ ಮುಗಿದಿಲ್ಲ ಎಂಬ ನೆಪ ಹೇಳಬೇಡಿ. ಹೋದ ತಿಂಗಳೇ ಮುಗಿಯಿತೆಂದು ಅವರೇ ಹೇಳಿದ್ದಾರೆ.

ಇಂತಿ,
ನಿಮ್ಮ
ಸುಮಿತ್ರಾ

ತಾ.ಕ.: ರಘುಪತಿ ಹೇಳಿದ್ದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಜಗಳವಾಗಿ ಎರಡನೆಯ ದಿನವೇ ನೀವು ಅವನ ಮನೆಗೆ ಹೋಗಿ, ಒಳಗೂ ಬರದೆ ಗೇಟಿನ ಹತ್ತಿರವೇ ನಿಂತು, “ಮರ ಕೊಡಲ್ಲ ಮಾರಾಯ. ಮಧ್ಯಾಹ್ನ ಅವಳು ಬುತ್ತಿ ಬಿಚ್ಚಿ ಕೂರೋದು ಆ ಮತ್ತಿ ಬುಡದಲ್ಲೇ” ಎಂದಿರಂತೆ. ನನಗೊಂದು ಮಾತು ಹೇಳಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು? ಕಡಿಸುತ್ತಿದ್ದೆ ಎಂಬ ಸುಳ್ಳನ್ನು ನಿಮ್ಮ ಬಾಯಲ್ಲಿ ಹೇಳಿಸಲು ನನಗೆ ಮನಸ್ಸಾಗಲಿಲ್ಲ. ನಮ್ಮ ಮನೆಯಲ್ಲಿ ಮರ ಕಡಿಯುವವರು ಯಾರೂ ಇಲ್ಲ, ನಮ್ಮ ಹೆಸರು ತೆಗೆದುಬಿಡು ಎಂದು ಶುಕ್ರವಾರವೇ ಶ್ವೇತಳಿಗೆ ಹೇಳಿದೆ. ಮೇಲೆ ಕೇಳಿದ ಮಾತು ನಿಮ್ಮನ್ನು ಕರೆಸಿಕೊಳ್ಳುವ ನೆಪವಷ್ಟೇ, ಅವಳು ಶನಿವಾರ ಬರುವುದಿಲ್ಲ. ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ.